ಮೊಂಬಾಸಾಕ್ಕೆ ಹೊರಟವನು ಹೊಸ್ತಿಲು ದಾಟಲಿಲ್ಲ

ಬೈಲಹೊಂಗಲದ ಹತ್ತಿ ಪೇಟೆಯಿಂದ ಸಮುದ್ರ ದಾಟುವ ಮೊದಲ ಗಂಡು ನಾನೇ ಎಂದು ಆ ವರ್ಷ ಊರಿಗೆಲ್ಲ ಸಾರಿಬಿಟ್ಟಿದ್ದೆ! ಸುಳ್ಳೇನಲ್ಲ. ಮುಂಬೈಯ ಸೇಠರ ಕಾಗದ ಬಂದಿತ್ತು. ಆಫ್ರಿಕಾದ ಮೊಂಬಾಸಾ ಕಡೆ ಹೊಸದಾಗಿ ಹತ್ತಿ ಬೆಳೆಯುತ್ತಿದ್ದಾರೆ, ಎಳೆ ಹಿಡಿದು ಗುಣ ಹೇಳುವವರು ಬೇಕು, ಹುಣ್ಣಿಮೆಗೆ ಬಂದು ಹಡಗು ಹತ್ತಿರಿ ಎಂದು. ಜೊತೆಗೆ ಹಡಗಿನ ಕಂಪನಿಯ ನಿಯಮಗಳ ಇಂಗ್ಲಿಷ್ ಹಾಳೆ. ವಕೀಲರಿಗೆ ತೋರಿಸು ಎಂದರು ಗೆಳೆಯರು. ಧಾರವಾಡದಲ್ಲಿ ಇಂಗ್ಲಿಷ್ ಮೂರನೆಯ ಇಯತ್ತೆ ಮುಗಿಸಿದ ಈ ನಿಜಗುಣಪ್ಪನಿಗೆ ವಕೀಲರೇ?

ಕನ್ನಡಕ ಏರಿಸಿಕೊಂಡು ಹೆಂಡತಿ ಸೋಮವ್ವನಿಗೆ ವಿವರಿಸಿದೆ.

"ನೋಡಿಲ್ಲೆ, ಹಡಗ ಹತ್ತೂಕಿಂತ ಮೊದ್ಲ ದೇವಿ ಹಾಕಿಸ್ಕೋಬೇಕು. ಎಂಟನೇ ದಿವಸ ಡಾಕ್ಟರ ಗುಳ್ಳಿ ನೋಡಿ ಚೀಟಿ ಬರಕೊಡಬೇಕು. ಚೀಟಿ ಇಲ್ಲಂದ್ರ ಹಡಗ ಇಲ್ಲ. ಇಷ್ಟ!"

"ಅಂದ್ರ ನೀವು ಹೊಂಟಿದ್ದು ಖರೇನ?"

"ಖರೇನ! ಊರಿಗೆಲ್ಲಾ ಹೇಳೇನಿ."

"ಊರಿಗೆಲ್ಲಾ ಹೇಳೀರಿ," ಎಂದಷ್ಟೇ ಹೇಳಿ ಆಕೆ ರೊಟ್ಟಿ ತಟ್ಟಲು ಹೋದಳು. ಆ ಮಾತಿನ ತೂಕ ಆಗ ನನಗೆ ತಿಳಿಯಲಿಲ್ಲ.

ಸಿಡುಬಿನ ಲಸಿಕೆಗೆ ನಮ್ಮಲ್ಲಿ ದೇವಿ ಹಾಕಿಸಿಕೊಳ್ಳುವುದು ಎನ್ನುತ್ತಾರೆ. ತೋಳಿನ ಗುಳ್ಳೆ ಒಣಗುವವರೆಗೆ ತಾಯಿಯೇ ಮೈಮೇಲೆ ಬಂದು ಕುಳಿತಿದ್ದಾಳೆಂದು ನಡೆದುಕೊಳ್ಳುತ್ತಾರೆ. ಲಸಿಕೆಯ ಡಾಕ್ಟರು ಅಮೋಘಸಿದ್ದಪ್ಪ ಮನೆಗೆ ಬಂದು ಪೆಟ್ಟಿಗೆಯಿಂದ ಚೂರಿಯಂಥದ್ದೊಂದನ್ನು ತೆಗೆದರು. ನಾನು ಸೋಮವ್ವನ ಬೆನ್ನ ಹಿಂದೆ ಸರಿದೆ.

"ಮೊದ್ಲ ಇಕಿಗೆ ಹಾಕ್ರಿ. ಹೆಣ್ಮಕ್ಕಳು ಅಂಜತಾರ, ಧೈರ್ಯ ಬರ್ಲಿ," ಎಂದೆ.

ಸೋಮವ್ವ ತೋಳು ಚಾಚಿದಳು, ಕಣ್ಣೂ ಮಿಟುಕಿಸಲಿಲ್ಲ. ನನ್ನ ಸರದಿ ಬಂದಾಗ ನಾನು ಹಾಕಿದ ಕೂಗಿಗೆ ಪಕ್ಕದ ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಓಡಿತು!

ನಾಲ್ಕನೆಯ ದಿನ ಜ್ವರ ಬಂತು. ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು, ಒಗ್ಗರಣೆ ನಿಂತಿತು. ಕಟಕೋಳದಿಂದ ಬಂದಿದ್ದ ಸೋಮವ್ವನ ದೊಡ್ಡವ್ವ ಕೆಂಚವ್ವ ಮುಂಜಾನೆ ಸಂಜೆ ನನ್ನ ಕಾಲಿಗೆ ಬೀಳತೊಡಗಿದಳು. ಹತ್ತು ವರ್ಷ ನನ್ನನ್ನು ಕಂಡರೆ ಮುಖ ಸಿಂಡರಿಸಿದ ಮುದುಕಿ! ಜ್ವರ ಮರುದಿನವೇ ಇಳಿಯಿತು. ನರಳುವುದನ್ನು ಮಾತ್ರ ನಾನು ಬಿಡಲಿಲ್ಲ.

ಆರನೆಯ ದಿನ ಸೋಮವ್ವ ಅಂದಳು: "ಆರಾಮ ಕಾಣಾಕ ಹತ್ತೀರಿ. ದೊಡ್ಡವ್ವನ್ನ ಕಟಕೋಳಕ್ಕ ಬಿಟ್ಟ ಬರ್ರಿ. ಚಕ್ಕಡಿ ಹೂಡಿಸೇನಿ."

ಕಟಕೋಳಕ್ಕೆ! ಇಡೀ ದಿನ ಚಕ್ಕಡಿಯಲ್ಲಿ ಕೆಂಚವ್ವನ ಮಂಡಿನೋವಿನ ಪುರಾಣ ಕೇಳುತ್ತ! ತಾಯಿ ಮೈದುಂಬಿದವನಂತೆ ಕಣ್ಣು ಮುಚ್ಚಿ, ತಲೆ ಗಿರ್ರನೆ ತಿರುಗಿಸಿ, ಗಂಟಲು ಒಡೆಯುವಂತೆ ಕೂಗಿದೆ:

"ಹನ್ನೊಂದ ದಿವಸ ಈ ಭಕ್ತ ಹೊಸ್ತಿಲಾ ದಾಟಬಾರದು! ಹೊರಗಿನವರು ಒಳಗ ಬರಬಾರದು!"

ಎರಡನೆಯ ಮಾತು ಬೇಕಿರಲಿಲ್ಲ. ವೇಷ ಹಾಕಿದ ಮೇಲೆ ಬಾಯಿ ನಿಲ್ಲಬೇಕಲ್ಲ! ಕೆಂಚವ್ವ ಉದ್ದಕ್ಕೆ ಅಡ್ಡಬಿದ್ದಳು. ಊರಿಗೆ ಹೋಗುವುದನ್ನು ಬಿಟ್ಟು ತಲಬಾಗಿಲಲ್ಲೇ ಕಂಬಳಿ ಹಾಸಿಕೊಂಡು ಕಾವಲು ಕುಳಿತಳು.

ಎಂಟನೆಯ ದಿನ ಅಮೋಘಸಿದ್ದಪ್ಪ ಬಂದರು. ನಾನು ಲಸಿಕೆಯ ತೋಳು ಎತ್ತಿಕೊಂಡು ಬಾಗಿಲಿಗೆ ಓಡಿದೆ. ಕೆಂಚವ್ವ ಎರಡೂ ಕೈ ಅಡ್ಡ ಹಿಡಿದಳು.

"ಹೊಸ್ತಿಲಾ ದಾಟಬ್ಯಾಡ್ರಿ ಅಳ್ಯಾರ! ಡಾಕ್ಟರ್ ಸಾಹೇಬ್ರ, ನೀವೂ ಅಲ್ಲೇ ನಿಂದರ್ರಿ. ತಾಯಿ ಅಪ್ಪಣಿ ಆಗೇತಿ!"

"ಅದು ತಾಯಿ ಅಲ್ರೀ, ನಾನ! ನಾನ ಸುಳ್ಳ ಕೂಗಿದೆ!"

ಮಾನ ಬಿಟ್ಟು ನಿಜ ಹೇಳಿದೆ, ಓದುಗರೇ! ಕೆಂಚವ್ವ ಕಣ್ಣೊರೆಸಿಕೊಂಡು ನನ್ನನ್ನು ಒಳಕೋಣೆಗೆ ತಳ್ಳಿ ಚಿಲಕ ಹಾಕಿದಳು. "ಅಯ್ಯ ಶಿವನ, ಜ್ವರ ನೆತ್ತಿಗೇರೇತಿ. ಏನೇನರ ಬಡಬಡಸಾಕ ಹತ್ಯಾರ."

ಕಿಟಕಿಯಿಂದ ತೋಳು ತೋರಿಸೋಣವೆಂದರೆ ನಮ್ಮ ಮಣ್ಣಿನ ಮನೆಗೆ ಇರುವುದು ಮಾಳಿಗೆಯಲ್ಲೊಂದು ಬೆಳಕಿಂಡಿ. ಒಳಗಿನಿಂದಲೇ ಅರಚಿದೆ: "ಗುಳ್ಳಿ ಭಾರಿ ಎದ್ದೈತ್ರಿ! ಬರಕೊಡ್ರಿ!"

"ಕಣ್ಣಿಲೆ ನೋಡಿ ಬರೀಬೇಕ್ರಿ ನಿಜಗುಣಪ್ಪನವರ. ದನಿ ಕೇಳಿ ಬರಿಯಾಕ ಬರೂದಿಲ್ಲ."

ತಾಯಿಯ ಅಪ್ಪಣೆ ಆದದ್ದು ನನಗೊಬ್ಬನಿಗೆ ತಾನೆ? ಸೋಮವ್ವ ಸೆರಗು ಸರಿಪಡಿಸಿಕೊಂಡು ಕಟ್ಟೆಗೆ ಹೋಗಿ ತೋಳು ತೋರಿಸಿದಳು, ಚೀಟಿ ಇಸಿದುಕೊಂಡಳು. ಡಾಕ್ಟರು ಸವದತ್ತಿ, ರಾಮದುರ್ಗದ ಕಡೆ ತಿಂಗಳ ತಿರುಗಾಟಕ್ಕೆ ಹೊರಟೇಹೋದರು. ಹುಣ್ಣಿಮೆಗೆ ಹಡಗೂ ಹೋಯಿತು. ಪೇಟೆಯಲ್ಲಿ ಕಂಡವರೆಲ್ಲ, "ಯಾವಾಗ ಬಂದ್ರಿ ಮೊಂಬಾಸಾದಿಂದ?" ಎಂದು ಕೇಳತೊಡಗಿದರು.

ಸೋಮವ್ವನ ಮುಂದೆ ಹಲುಬಿದೆ. "ನಿನಗರ ತಿಳೀಲಿಲ್ಲೇನ ಅದು ಸೋಗು ಅಂತ?"

"ತಾಯಿ ಮೈಮ್ಯಾಲ ಬಂದಾಗ ಒಂದ ಕಣ್ಣ ತೆರದ ಚಕ್ಕಡಿ ನೋಡತಾಳೇನ್ರಿ? ನನಗ ಅವತ್ತ ತಿಳದಿತ್ತು."

"ಮತ್ತ ಯಾಕ ಸುಮ್ಮನಿದ್ದಿ?"

"ಊರಿಗೆಲ್ಲಾ ಹೇಳಿದ್ರಿ. ನನಗೊಂದ ಮಾತ ಕೇಳಿದ್ರೇನು? ನಡು ನೀರಾಗ ನಿಮಗೇನರ ಆದ್ರ ನಾ ಯಾರನ್ನ ಕೇಳ್ಲಿ ಅಂತ ಅನ್ನ ಸೇರವಲ್ದಾಗಿತ್ತು ನನಗ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಚೈತ್ರದಲ್ಲಿ ಇನ್ನೊಂದು ಹಡಗಿದೆ, ಇಬ್ಬರೂ ಬನ್ನಿ ಎಂದು ಸೇಠರು ಬರೆದಿದ್ದರು. ಈ ಸಲ ಆಕೆಯನ್ನು ಕೇಳಿಯೇ ಒಪ್ಪಿಕೊಂಡೆ. ತಿಂಗಳ ಮೇಲೆ ಬಂದ ಅಮೋಘಸಿದ್ದಪ್ಪನವರಿಗೆ ಮತ್ತೆ ತೋಳು ಕೊಟ್ಟೆ, ಎಮ್ಮೆ ಮತ್ತೆ ಓಡಿತು. ಎಂಟನೆಯ ದಿನ ನೋಡಿದರೆ ಗುಳ್ಳೆಯೇ ಇಲ್ಲ!

"ಒಮ್ಮೆ ಎದ್ದವರಿಗೆ ಇಷ್ಟ ಲಗೂನ ಮತ್ತ ಏಳೂದಿಲ್ರಿ," ಎಂದರು ಡಾಕ್ಟರು. "ಬರೇ ಹಳೀ ಕಲಿ ನೋಡಿ ಚೀಟಿ ಕೊಡಾಕ ಬರೂದಿಲ್ಲ, ಗುಳ್ಳಿನ ಬೇಕು. ನಿಮ್ಮ ಹಾಳ್ಯಾಗ ಬರದೈತೆಲ್ಲ, ಓದಿಲ್ಲೇನು?"

ಸೋಮವ್ವ ಕುಂಕುಮದ ಭರಣಿಯ ಕೆಳಗಿನಿಂದ ತನ್ನ ಚೀಟಿ ತೆಗೆದು, ಧೂಳು ಊದಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹಂಗಾರ ಹತ್ತಿ ನೋಡಿ ನಾನ ಬರತೇನಿ. ದೊಡ್ಡವ್ವನ್ನ ಕರಸೇನಿ, ನಿಮ್ಮನ್ನ ನೋಡ್ಕೋತಾಳ. ನಾ ಬರೂತನಕ ಹೊಸ್ತಿಲಾ ಮಾತ್ರ ದಾಟಬ್ಯಾಡ್ರಿ!"