ಧ್ರುವದ ಚಳಿ, ನಮ್ಮ ಡಿಶ್

ತೋಟದ ರೈಟರ್ ಕೆಲಸದಲ್ಲಿ ಹಾಜರಿ ಬರೆಯುವುದಕ್ಕಿಂತ ನಗು ತಡೆಯುವುದೇ ಕಷ್ಟ. ಬಣಕಲ್ ಹತ್ತಿರದ ಎಸ್ಟೇಟಿನಲ್ಲಿ ಆ ಕಷ್ಟವನ್ನು ನಾನು ಬಹಳ ವರ್ಷ ಅನುಭವಿಸಿದ್ದೇನೆ. ತೊಂಬತ್ತರ ದಶಕದಲ್ಲೊಮ್ಮೆ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಸುಟ್ಟುಹೋಯಿತು. ನಮ್ಮ ಕಾಫಿಗೆ ಬೆಲೆ ಬಂತು. ಅಂದಿನಿಂದ ನಮ್ಮ ಸಾಹುಕಾರರು ತಾರಸಿ ಮೇಲೆ ದೊಡ್ಡ ಡಿಶ್ ಕೂರಿಸಿ ಪರದೇಶದ ಚಳಿ ಕಾಯತೊಡಗಿದರು.

೧. ಇಳಿಜಾರು

ಒಂದು ಜನವರಿ ಬೆಳಿಗ್ಗೆ ನನ್ನನ್ನು ಟಿವಿ ಮುಂದೆ ನಿಲ್ಲಿಸಿದರು.

"ರೈಟ್ರೇ, ಉತ್ತರ ಧ್ರುವದ ಚಳಿ ಅಮೆರಿಕಕ್ಕೆ ಇಳಿದಿದೆ. ಬ್ರೆಜಿಲ್ಲಿಗೆ ಇನ್ನೆಷ್ಟು ದಿನ?"

"ಅಷ್ಟು ದೂರ ಬರಲ್ಲ ಸಾರ್."

"ನಕ್ಷೇಲಿ ಕೆಳಗೇ ಇದೆಯಲ್ರೀ. ಚಳಿ ತಗ್ಗಿಗೇ ಇಳಿಯೋದು. ನಮ್ಮ ತೋಟದಲ್ಲೂ ಹಳ್ಳದ ಬದಿ ಗಿಡಕ್ಕೇ ಅಲ್ವ ಮೊದಲು ಹೊಡೆಯೋದು?"

"ಈಗ ಅಲ್ಲಿ ಬೇಸಿಗೆ ಸಾರ್."

"ಹಾಗಾದ್ರೆ ಗಿಡ ಬೆಚ್ಚಗೆ ಮೈಮರೆತು ನಿಂತಿರ್ತವೆ. ಪೆಟ್ಟು ಜೋರು."

ಕಾಫಿ ಒಯ್ಯಲು ಬಂದಿದ್ದ ಲಾರಿ ಖಾಲಿ ವಾಪಸಾಯಿತು.

೨. ಹೋಬಳಿ

ಸಾಹುಕಾರರ ಮಗಳಿಗೆ ಮಲ್ಲಂದೂರಿನ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಹುಡುಗನ ಅಪ್ಪನೂ ಪ್ಲಾಂಟರ್, ಅವರೂ ಕಾಫಿ ಮಾರದೆ ಕೂತವರು. "ಬ್ರೆಜಿಲ್ಲಲ್ಲಿ ಹಿಮ ಬೀಳ್ಲಿ, ಆಮೇಲೆ ತಾಂಬೂಲ" ಎಂದುಬಿಟ್ಟರು. ಸಾಹುಕಾರರ ಹೆಂಡತಿ, ನಮ್ಮ ಅಮ್ಮಾವ್ರು, ಊಟ ಬಿಟ್ಟರು. ಪಾಪ ಅನ್ನಿಸಿತು. ಕೊನೆಗೆ ಅವರೇ ನನ್ನನ್ನು ಕರೆದುಕೊಂಡು ದೇವಸ್ಥಾನಕ್ಕೆ ಹೋಗಿ ಹಿಮಕ್ಕಾಗಿ ಪೂಜೆ ಹೇಳಿದರು.

ಭಟ್ಟರು ಸಂಕಲ್ಪಕ್ಕೆ, "ಎಲ್ಲಿ ಬೀಳ್ಬೇಕು?" ಅಂದರು.

"ಬ್ರೆಜಿಲ್ಲಲ್ಲಿ."

"ಯಾವ ಹೋಬಳಿ?"

ಅಮ್ಮಾವ್ರು ನನ್ನ ಮುಖ ನೋಡಿದರು. "ಗೋಣಿಬೀಡು ಹೋಬಳಿಯಿಂದ ಸ್ವಲ್ಪ ಆಚೆ," ಅಂದೆ. ಪೂಜೆ ಸಾಂಗವಾಗಿ ಮುಗಿಯಿತು.

೩. ಬಿತ್ತು

ಗೋಡೌನ್ ತುಂಬಿ ಕಾಫಿ ಮೂಟೆಗಳು ಹಾಲ್‌ಗೂ ಬಂದಿದ್ದವು. ಭಾನುವಾರ ಗಂಡಿನ ಕಡೆಯವರು ಬಂದು ಅವುಗಳ ಮೇಲೆಯೇ ಕೂತರು. ಟಿವಿಯಲ್ಲಿ ಬ್ರೆಜಿಲ್ ಕಾಣಿಸಿತು. ಸುಡುಬಿಸಿಲಲ್ಲಿ ಜನ ಬರಿಮೈಯಲ್ಲಿ ಸಮುದ್ರಕ್ಕೆ ಹಾರುತ್ತಿದ್ದರು. ಹುಡುಗನ ಅಪ್ಪ, "ಇನ್ನೊಮ್ಮೆ ನೋಡೋಣ," ಎಂದು ಎದ್ದೇಬಿಟ್ಟರು. ಅಮ್ಮಾವ್ರ ಕಣ್ಣು ತುಂಬಿತು.

ಅಷ್ಟರಲ್ಲಿ ಟಿವಿ ಪೂರ್ತಿ ಬಿಳಿಯಾಗಿ, ಚುಕ್ಕೆಗಳು ಸುರಿಯತೊಡಗಿದವು.

"ಬಿತ್ತು," ಎಂದರು ಸಾಹುಕಾರರು. "ಒಬ್ಬ ಮನುಷ್ಯನೂ ಕಾಣ್ತಿಲ್ಲ, ನೋಡಿ."

ಹುಡುಗನ ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದರು, ಕಿವಿಗೊಟ್ಟು 'ಸುಂಯ್' ಸದ್ದು ಕೇಳಿದರು. "ಗಾಳಿಯೂ ಜೋರಿದೆ. ತಾಂಬೂಲ ತನ್ನಿ."

ನಾನೂ ಅಮ್ಮಾವ್ರೂ ತಟ್ಟೆ ತರಲು ಅಡುಗೆಮನೆಗೆ ಓಡಿದೆವು. ಹಿಂಬಾಗಿಲಲ್ಲಿ ತೋಟದಾಳುಗಳ ಮೇಸ್ತ್ರಿ ಕೋಲು ಹಿಡಿದು ನಿಂತಿದ್ದ.

"ಅಮ್ಮಾ, ದೊಡ್ಡ ಮಂಗ ಒಂದು ಡಿಶ್ ಒಳಗೆ ಕೂತು ಬಿಸಿಲು ಕಾಯಿಸ್ತಾ ಇದೆ. ಓಡಿಸ್ಲಾ?"

ಅಮ್ಮಾವ್ರು ಹಾಲ್ ಕಡೆ ಒಮ್ಮೆ ನೋಡಿದರು. ತಾಂಬೂಲದ ತಟ್ಟೆಯಿಂದ ಎರಡು ಬಾಳೆಹಣ್ಣು ತೆಗೆದು ಅವನ ಕೈಗಿಟ್ಟರು.

"ಕೋಲು ಬಿಸಾಕು ಮಾರಾಯ. ಇದನ್ನ ಕೊಟ್ಟು, ಅವರು ಗೇಟು ದಾಟೋವರೆಗೆ ಅಲ್ಲೇ ಕೂರಿಸ್ಕೊ."