ಎಲ್ಲಾರೂ ನೋಡಬಹುದು, ನೀವೊಬ್ರು ಬ್ಯಾಡ್ರಿ

ಪಿಎಚ್‌ಡಿ ಮಾಡೂ ಮಂದಿಗೆ ಗ್ರಹಚಾರ ಮನಿ ಹುಡುಕಿಕೊಂಡು ಬರತೈತಿ. ನಾನು ರಾಣೇಬೆನ್ನೂರಿನ ಕಾಲೇಜಿನಾಗ ಪಾಠ ಹೇಳಕೋತ, ಸುಳ್ಳು ಪೋಸ್ಟು ಊರಿಂದ ಊರಿಗೆ ಹೆಂಗ ಹಬ್ಬತಾವು ಅಂತ ಪ್ರಬಂಧ ಬರಿಯಾಕತ್ತಿದ್ದೆ. "ನಾಳೆ ಬ್ಯಾಡಗಿ ಮಾರ್ಕೆಟ್ ಬಂದ್" ಅಂತ ಒಂದು ಪೋಸ್ಟು ಹಬ್ಬಿ, ಮೆಣಸಿನಕಾಯಿ ತುಂಬಿದ ಗಾಡಿ ಹಾದಿಮ್ಯಾಲಿನ ಕದರಮಂಡಲಗಿಯಿಂದನ ತಿರುಗಿ ಹೋಗಿದ್ವು. ಖರೇ ಅಂದ್ರ ಮಾರ್ಕೆಟ್ ಬಂದ್ ಇರಲೇ ಇಲ್ಲ. ಅದು ಎಲ್ಲಿ ಹುಟ್ಟಿತು ಅಂತ ಹಿಡೀಬೇಕಿತ್ತು. ಸಿಗಲಿಲ್ಲಂದ್ರ ವಿಷಯಾನ ಬದಲಿ ಮಾಡ್ರಿ ಅಂತ ಹಾವೇರಿಯ ನಮ್ಮ ಗೈಡ್ ಸರ್ ಖಡಕ್ ಹೇಳಿದ್ರು. ಇಷ್ಟು ವರ್ಷದ ಕೆಲಸ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆಗತಿತ್ತು.

೧. ಮೂಗಿನ ಸಾಕ್ಷಿ

ಮಂದಿ ಬಹಿರಂಗವಾಗಿ ಹಾಕಿದ ಪೋಸ್ಟುಗಳನ್ನ ಸಂಶೋಧಕರು ಒಟ್ಟಿಗೆ ತಗೊಳ್ಳಾಕ ಆ ಜಾಲತಾಣದ ಕಂಪನಿಯವರು ಎಪಿಐ ಅಂತ ಒಂದು ಬಾಗಿಲಾ ಇಟ್ಟಾರ. ಬಾಗಿಲಾ ಐತಿ, ಚಿಲಕ ಒಳಗಿಂದ. ಅರ್ಜಿ ಹಾಕಿದೆ. ನಿಮ್ಮ ಭಾಗದಾಗ ಸಮಾಜಕ್ಕ ಅಂಥಾ ದೊಡ್ಡ ಅಪಾಯ ನಮಗ ಕಾಣೂದಿಲ್ಲ ಅಂತ ಉತ್ತರ ಬಂತು. ಮೈಯೆಲ್ಲಾ ಉರೀತು. ಒಮ್ಮೆ ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿಗೆ ಬಂದು ಜೋರಾಗಿ ಉಸಿರು ತಗೋರಿ, ನಮ್ಮ ಮಾರ್ಕೆಟ್ ಸಣ್ಣದೋ ದೊಡ್ಡದೋ ನಿಮ್ಮ ಮೂಗ ಹೇಳತೈತಿ ಅಂತ ಬರದು ಕಳಿಸಿದೆ.

೨. ಅತ್ತಿಯವರ ಎಪಿಐ

ಮನ್ಯಾಗ ಸಿಟ್ಟಿನಿಂದ ಇದನ್ನ ಹೇಳಿದ್ರ ನಮ್ಮ ಅತ್ತಿ ನಕ್ಕರು. "ಮಂದಿ ಅಂಗಳದಾಗ ನಿಂತು ಒದರಿದ್ದನ್ನ ಕೇಳಾಕ ಯಾರ ಅಪ್ಪಣಿ ಬೇಕವಾ?"

ತಮ್ಮ ಫೋನ್ ಹಿಡಕೊಂಡು ಕುಂತ್ರು. ಚಾ ಆರೂದ್ರಾಗ ಪೋಸ್ಟು ಸಿಕ್ಕಿತು, ಬ್ಯಾಡಗಿಯ ಒಬ್ಬ ವ್ಯಾಪಾರಿ ಹಂಚಿದ್ದ. ಇಂವ ನಮ್ಮ ತವರಮನಿ ಕಡೆಯಾಂವ, ಗುತ್ತಲಕ್ಕ ಕನ್ಯಾ ನೋಡಾಕ ಹೋದಾಗ ವಯಸ್ಸೂ ಸುಳ್ಳ ಹೇಳಿದ್ದ ಅಂದ್ರು. ಇಷ್ಟು ಮಾಹಿತಿ ಯಾವ ಕಂಪನಿ ಕೊಡತೈತಿ ಹೇಳ್ರಿ.

೩. ಮುರದು ನೋಡೂದು

ಮರುದಿನ ಆ ವ್ಯಾಪಾರಿನ ಯಾರ್ಡಿನಾಗ ಹಿಡಿದೆ. ಪೋಸ್ಟು ಯಾರಿಂದ ಬಂತು ತೋರಸ್ರಿ ಅಂದ್ರ, ಅದು ಎಲ್ಲಾರೂ ನೋಡ್ಲಿ ಅಂತ ಹಾಕಿದ್ದು, ನೀವು ಪರೀಕ್ಷಾ ಮಾಡ್ಲಿ ಅಂತಲ್ಲ ಅಂದಾ. ಕಂಪನಿಯವರಿಗೆ ಇಂವನ ಗುರು ಇರಬೇಕು.

ನಾನು ಖರೀದಿಗೆ ಬಂದವರಂಗ ಬಗ್ಗಿ ರಾಶಿಯಾಗಿಂದ ಒಂದು ಮೆಣಸಿನಕಾಯಿ ತಗೊಂಡು, ಮುರದು, ಬೀಜ ನೋಡಿ, ಮೂಸಿ, ಇನ್ನೊಂದು ತಗೊಂಡೆ. ಅವನ ಮಾರಿ ಅರಳಿತು. ಬೇಕಾದಷ್ಟು ಮುರೀರಿ, ನಮ್ಮ ಮಾಲಿಗೆ ಅಂಜಿಕಿ ಇಲ್ಲ ಅಂದಾ.

"ಹಂಗಾರ ಪೋಸ್ಟಿಗೆ ಯಾಕ ಅಂಜಿಕಿ ಐತ್ರಿ?"

ಸುತ್ತ ಖರೀದಿದಾರರು ನಿಂತು ನೋಡಾಕತ್ತಿದ್ರು. ಅಂವ ಫೋನ್ ತಗದು ನನ್ನ ಕೈಯಾಗ ಕೊಟ್ಟ.

೪. ವರ್ಷದ ಖಾರ

ಪೋಸ್ಟಿನ ಬುಡದಾಗ ಇದ್ದದ್ದು ನಮ್ಮ ಗೈಡ್ ಸರ್ ಹೆಸರು! ಅದನ್ನ ನನ್ನ ಫೋನಿಗೆ ಕಳಿಸಿಕೊಂಡು, ಸೀದಾ ಹಾವೇರಿಗೆ ಅವರ ಮನಿಗೆ ಹೋಗಿ ತೋರಿಸಿದೆ. ಸರ್ ಅಡಗಿಮನಿ ಕಡೆ ನೋಡಿ, ದನಿ ತಗ್ಗಿಸಿ ಒಪ್ಪಿಕೊಂಡ್ರು. ವರ್ಷದ ಖಾರ ಕುಟ್ಟಿಸಾಕ ಮೆಣಸಿನಕಾಯಿ ತರಾಕ ಬ್ಯಾಡಗಿಗೆ ನಡೀರಿ ಅಂತ ಹೆಂಡತಿ ಗಂಟು ಬಿದ್ದಿದ್ರಂತ. ತಪ್ಪಿಸಿಕೊಳ್ಳಾಕ, ಓಣಿಯವರ ಬಾಯಿಲೇ ಆಕಿಗೆ ಮುಟ್ಟಲಿ ಅಂತ ಹಾಕಿದ್ರಂತ. ಅವರು ನಂಬಿದ್ರು. ಸಂಗಾಟ ಅರ್ಧ ಜಿಲ್ಲಾನೂ ನಂಬಿತು.

ಇದು ಪ್ರಬಂಧದಾಗ ಬಂದ್ರ ನಾನು ಸಹಿ ಮಾಡೂದಿಲ್ಲ ಅಂದ್ರು. ಬರದ ಬರೀತೇನಿ, ಏನ್ ಮಾಡ್ತೀರಿ ಮಾಡ್ರಿ ಅಂದೆ.

ಅಷ್ಟರಾಗ ಅವರ ಹೆಂಡತಿ ಚಾ ತಂದು, ಏನದು ಜಗಳ ಅಂತ ಕೇಳಿದ್ರು. ನಾನು ಫೋನ್ ಅವರ ಕೈಯಾಗ ಇಟ್ಟೆ. "ಬಹಿರಂಗ ಐತ್ರಿ ಅಕ್ಕಾರ, ಯಾರು ಬೇಕಾದ್ರೂ ಓದಬಹುದು."

ಅವರು ಓದಿದ್ರು. ಸರ್ ಮುಂದಿನ ಚಾನೂ ಎತ್ತಿ ನನ್ನ ಮುಂದ ಇಟ್ರು.

"ಮೊದಲ ಈಕಿಗೆ ಸಹಿ ಮಾಡಿ ಕೊಡ್ರಿ," ಅಂತ ಸರ್‌ಗೆ ಅಂದ್ರು. "ಆಮ್ಯಾಲ ಚೀಲಾ ತಗೊಂಡು ಹೊರಗ ಬರ್ರಿ, ಬ್ಯಾಡಗಿ ಬಸ್ಸು ಇನ್ನೂ ಐತಿ."