ಅಜ್ಜ ಹಿಡಿಯದ ಬಂದೂಕು

"ಇನ್ನ ಎಂಟು ದಿನದಾಗ ನಮ್ಮ ಪಡಸಾಲಿ ನೋಡಾಕ ಐನಾಪುರದ ಮಂದಿ ಪಾಳಿ ಹಚ್ಚಬೇಕು!"

ಚಹಾದ ಬಟ್ಟಲು ಕೆಳಗಿಟ್ಟು ಪಾರಿಸ ಹೀಗೆ ಘೋಷಿಸಿದಾಗ ಹೆಂಡತಿ ಸೋನಾಬಾಯಿ ತಲೆ ಎತ್ತಲಿಲ್ಲ. ದ್ರಾಕ್ಷಿ ತೋಟದ ಕೆಲಸ ಮುಗಿದು ಕೈ ಖಾಲಿಯಾದಾಗಲೆಲ್ಲ ಗಂಡನ ತಲೆಯಲ್ಲಿ ಏನಾದರೊಂದು ಚಿಗುರುತ್ತದೆ ಎಂಬುದು ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಕಂಡುಕೊಂಡ ಸತ್ಯ.

"ಮಂದಿ ಪಾಳಿ ಹಚ್ಚಿದ್ರ ಚಹಾ ಯಾರು ಮಾಡವ್ರು?" ಎಂದಷ್ಟೇ ಕೇಳಿದಳು.

ಈ ಸಲದ ಚಿಗುರಿಗೆ ಬೀಜ ಬಿದ್ದದ್ದು ಎದುರುಮನೆಯ ಬಾಪುಸಾಹೇಬರ ಪಡಸಾಲೆಯಲ್ಲಿ. ಅವರ ಅಜ್ಜ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರು. ಅವರಿಗೆ ಸಿಕ್ಕ ತಾಮ್ರಪತ್ರ ಗಾಜಿನ ಚೌಕಟ್ಟಿನೊಳಗೆ ಥಳಥಳ ಹೊಳೆಯುತ್ತಿತ್ತು. ಬಂದ ಬೀಗರೆಲ್ಲ ಮೊದಲು ಅದಕ್ಕೇ ಕೈ ಮುಗಿಯುತ್ತಿದ್ದರು. ಪಾರಿಸನ ಗೋಡೆಯ ಮೇಲೆ ಏನಿತ್ತು? ಒಂದು ಸಕ್ಕರೆ ಕಾರ್ಖಾನೆಯ ಕ್ಯಾಲೆಂಡರು. ಅದರ ಪಕ್ಕದಲ್ಲಿ ಇನ್ನೊಂದು ಸಕ್ಕರೆ ಕಾರ್ಖಾನೆಯ ಕ್ಯಾಲೆಂಡರು!

ಎಂಟು ದಿನ ಬೇಕಾಗಲಿಲ್ಲ. ಮೂರನೆಯ ದಿನವೇ ಪಾರಿಸ ಕೊಲ್ಹಾಪುರಕ್ಕೆ ಹೋಗಿ, ಹಳೆ ಸಾಮಾನಿನ ಅಂಗಡಿಯೊಂದರಿಂದ ಗೋಣಿಚೀಲ ಸುತ್ತಿದ ಉದ್ದನೆಯ ಗಂಟೊಂದನ್ನು ಕಾರಿನಲ್ಲಿ ಹಾಕಿಕೊಂಡು ಬಂದ. ಬಿಚ್ಚಿದರೆ ಬಂದೂಕು! ಬ್ರಿಟಿಷರ ಪಲ್ಟಣದ ಕಾಲದ್ದು. ಕಬ್ಬಿಣದ ಮೇಲೆ ಸವೆದ ಕಿರೀಟದ ಗುರುತು. "ಶೋಪೀಸ್ ಐತ್ರಿ, ಇದಕ್ಕ ಲೈಸೆನ್ಸ್ ಬೇಕಾಗಿಲ್ಲ" ಎಂದು ಅಂಗಡಿಯವ ಹೇಳಿದ್ದ, ರಸೀದಿಯನ್ನೂ ಕೊಟ್ಟಿದ್ದ. ಅಷ್ಟಕ್ಕೇ ಪಾರಿಸನಿಗೆ ಕಾನೂನಿನ ಪದವಿ ಸಿಕ್ಕಷ್ಟು ಧೈರ್ಯ ಬಂದಿತ್ತು.

ಸೋನಾಬಾಯಿ ಸೊಂಟದ ಮೇಲೆ ಕೈಯಿಟ್ಟಳು. "ಅಹಿಂಸಾ ಪರಮೋ ಧರ್ಮ ಅಂತ ಬಾಗಲ ಮ್ಯಾಲ ನೀವ ಬರಸೀರಿ. ಅದರ ಒಳಗ ಇದನ್ನ ತೂಗಹಾಕ್ತೀರೇನು?"

"ಇದು ಹಿಂಸಾ ಅಲ್ಲ, ಇತಿಹಾಸ!"

"ಯಾರ ಇತಿಹಾಸ?"

ಪಾರಿಸ ಮೊಳೆ ಹೊಡೆಯಲು ಸುತ್ತಿಗೆ ಹುಡುಕತೊಡಗಿದ. ಸಂಜೆ ಬಾಪುಸಾಹೇಬರು ಬಂದು, ಬಂದೂಕನ್ನು ಕಣ್ಣರಳಿಸಿ ನೋಡಿ, "ಪಾರಿಸಣ್ಣಾ, ಇದು ಎಲ್ಲೀದು?" ಎಂದು ಕೇಳಿದರು.

"ನಮ್ಮ ಅಜ್ಜಂದು" ಎಂದುಬಿಟ್ಟ.

ಒಂದು ಸುಳ್ಳು ಒಂಟಿಯಾಗಿ ಬಾಳುವುದಿಲ್ಲ. ಮರುದಿನ ಪಾರಿಸ ರುಮಾಲು ಸುತ್ತಿ, ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟು ಫೋಟೋ ತೆಗೆಸಿಕೊಂಡ. ಊರಿನ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಬರೆದ: "ನಮ್ಮ ಅಜ್ಜ ಜಿನ್ನಪ್ಪನವರು ಎರಡನೇ ಮಹಾಯುದ್ಧದಿಂದ ತಂದ ಬಂದೂಕು. ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿದೆ. ಇವತ್ತಿಗೂ ಗುಂಡು ಹಾರುತ್ತದೆ!"

ಕೊನೆಯ ವಾಕ್ಯ ಅವನಿಗೇ ತಿಳಿಯದಂತೆ ಬಂದದ್ದು. ಬರಹಕ್ಕೊಂದು ಠೀವಿಯ ಮುಕ್ತಾಯ ಬೇಕಿತ್ತು, ಅಷ್ಟೇ. ಗುಂಪಿನಲ್ಲಿ ಚಪ್ಪಾಳೆಗಳ ಮಳೆ ಸುರಿಯಿತು. ಪಾರಿಸ ಒಂದು ವಾರ ನೆಲದಿಂದ ಗೇಣು ಎತ್ತರದಲ್ಲೇ ಓಡಾಡಿದ.

ನೆಲಕ್ಕಿಳಿಸಿದವರು ಠಾಣೆಯ ಎಎಸ್‌ಐ ಸಿದ್ದಲಿಂಗ. ಮುಂಜಾನೆ ಹತ್ತಕ್ಕೆ ಜೀಪಿನಿಂದಿಳಿದು ಒಳಗೆ ಬಂದರು. ಕೊಟ್ಟ ಚಹಾ ಕುಡಿದರು. ಆಮೇಲೆ ಮೊಬೈಲ್ ತೆಗೆದು ಫೋಟೋ ತೋರಿಸಿದರು. ಜೀಪು ಕಂಡು ಅರ್ಧ ಓಣಿಯೇ ಅಂಗಳದಲ್ಲಿ ನೆರೆದಿತ್ತು. ಎಲ್ಲರಿಗಿಂತ ಮುಂದೆ ಬಾಪುಸಾಹೇಬರು.

"ನೀವ ಬರದದ್ದಲ್ರಿ ಇದು? ಅಜ್ಜಾರ ಹೆಸರಿನ ಲೈಸೆನ್ಸ್ ತೋರಸ್ರಿ."

"ಅಜ್ಜಾರು ತೀರಿಕೊಂಡು ನಲವತ್ತು ವರ್ಷ ಆತ್ರಿ."

"ಹಂಗಾದ್ರ ವಾರಸದಾರರು ಬಂದೂಕ ಠಾಣೇದಾಗ ಜಮಾ ಮಾಡಿ, ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬೇಕಾಗಿತ್ತು. ಜಮಾ ಮಾಡಿದ ಪಾವತಿ ಚೀಟಿ ಎಲ್ಲೈತಿ?"

ಪಾರಿಸ ಬಂದೂಕಿನ ಕಡೆ ಕೈ ತೋರಿಸಿದ. "ಸಾಹೇಬ್ರ, ಇದು ಭಾಳ ಹಳೇದು. ಹಳೇದಕ್ಕ ಲೈಸೆನ್ಸ್ ಬ್ಯಾಡಂತ..."

"ಬರೇ ಹಳೇದಾದ್ರ ಸಾಲಾಂಗಿಲ್ರಿ. ಅದರಿಂದ ಗುಂಡು ಹಾರಬಾರದು. ರಿಪೇರಿ ಮಾಡಿದ್ರೂ ಹಾರಬಾರದು. ಅಂಥಾದ್ದಕ್ಕ ಬ್ಯಾಡ." ಸಿದ್ದಲಿಂಗ ಮೊಬೈಲನ್ನು ಮತ್ತೆ ಮುಂದೆ ಹಿಡಿದರು. "ಆದ್ರ ಇವತ್ತಿಗೂ ಹಾರತೈತಿ ಅಂತ ನಿಮ್ಮ ಕೈಲೇ ಬರದೀರಲ್ರಿ! ಲೈಸೆನ್ಸ್ ಇಲ್ಲದ ಚಾಲೂ ಬಂದೂಕ ಇಟ್ಟವರಿಗೆ ಎರಡು ವರ್ಷಕ್ಕ ಕಡಿಮಿ ಶಿಕ್ಷಾ ಇಲ್ಲ."

ಬರೆದದ್ದು ಮೂರೇ ಸಾಲು. ಒಂದೊಂದು ಸಾಲೂ ಕಾನೂನಿನ ಒಂದೊಂದು ಕಲಮಿಗೆ ನೇರವಾಗಿ ಹೋಗಿ ಕುಳಿತಿತ್ತು. ನಿಜ ಹೇಳಿದರೆ ಅವನು ಪಾರಾಗುತ್ತಿದ್ದ, ಮಾನ ಪಾರಾಗುತ್ತಿರಲಿಲ್ಲ. ಸುಳ್ಳಿಗೆ ಅಂಟಿಕೊಂಡರೆ ಮಾನ ಉಳಿಯುತ್ತಿತ್ತು, ಅವನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಉಳಿಯುತ್ತಿದ್ದ. ಇವೆರಡರ ನಡುವೆ ಯಾವುದು ಮೇಲೆಂದು ತಾನು ಒಂದು ಗಳಿಗೆ ನಿಜವಾಗಿಯೂ ತೂಗಿ ನೋಡಿದೆನೆಂಬುದು ಮುಂದೆ ಬಹಳ ದಿನ ಅವನನ್ನು ಚುಚ್ಚಿತು.

ಅಂಗಡಿಯ ರಸೀದಿ ಎಲ್ಲಿದೆಯೆಂದು ಸೋನಾಬಾಯಿಗೆ ಗೊತ್ತಿತ್ತು. ಆದರೆ ಆಕೆ ಗಂಡನ ಮುಖವನ್ನೇ ನೋಡುತ್ತ ಬಾಗಿಲಿಗೆ ಆತು ನಿಂತಿದ್ದಳು. ಬಯ್ದಿದ್ದರೆ ಪಾರಿಸ ತಿರುಗಿ ಬಯ್ಯಬಹುದಿತ್ತು. ಆ ನೋಟಕ್ಕೆ ತಿರುಗಿ ಏನು ಹೇಳುವುದು? ಅವನು ಎದ್ದು ಒಳಗೆ ಹೋಗಿ ಕಪಾಟಿನಿಂದ ರಸೀದಿ ತಂದು ಸಿದ್ದಲಿಂಗರ ಕೈಗೆ ಕೊಟ್ಟ.

"ಸಾಹೇಬ್ರ, ಈ ಬಂದೂಕು ನಮ್ಮ ಮನಿಗೆ ಬಂದು ಹನ್ನೊಂದ ದಿನ ಆತು. ಅಜ್ಜಂದಲ್ಲ. ನಾ ಸುಳ್ಳ ಹೇಳೇನಿ. ಗುಂಡು ಹಾರೂದೂ ಸುಳ್ಳ."

ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಾಪುಸಾಹೇಬರು ನಗಲಿಲ್ಲ. "ಮತ್ತ ಅಜ್ಜಾರು ಯುದ್ಧಕ್ಕ ಹೋಗಿದ್ದು?" ಎಂದು ಕೇಳಿದರು.

"ಅದು ಖರೇ ಐತಿ" ಎಂದು ಒಳಗಿನಿಂದ ದನಿ ಬಂತು. ಪಾರಿಸನ ತಾಯಿ ತಾರಾಬಾಯಿ, ಎಂಬತ್ತು ದಾಟಿದವಳು, ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ನಮ್ಮ ಮಾವನಾರು ಪಲ್ಟಣಕ್ಕ ಹೋಗಿದ್ರು. ಬಂದೂಕ ಹಿಡ್ಯಾಕಲ್ಲ. ಪುಣೇದಾಗ ದಂಡಿನ ಅಡಗಿಮನ್ಯಾಗ ಮೂರು ವರ್ಷ ಬಟಾಟಿ ಸುಲದಾರ."

"ಅವ್ವಾ..." ಪಾರಿಸ ತಡೆಯಹೋದ.

"ಸುಮ್ಕಿರಲೇ. ಹದಿನೈದು ದಿನದಿಂದ ನೀ ಮಾತಾಡೀದಿ, ಈಗ ನಾ ಮಾತಾಡ್ತೀನಿ." ಮುದುಕಿ ಸಿದ್ದಲಿಂಗರ ಕಡೆ ತಿರುಗಿದಳು. "ನಾವು ಜೈನರ‍್ರೀ ಸಾಹೇಬ್ರ. ಮಣ್ಣಿನ ಒಳಗ ಬೆಳದದ್ದು ತಿನ್ನಾಂಗಿಲ್ಲ. ಮಾವನಾರ ಅಪ್ಪ ಸತ್ತಿದ್ದ, ನಾಕು ಮಂದಿ ತಮ್ಮಂದಿರು ಸಣ್ಣವರಿದ್ರು. ಅವರ ಹೊಟ್ಟಿ ಸಲುವಾಗಿ ಇವರು ದಿನಾ ಚೀಲಗಟ್ಟಲೆ ಬಟಾಟಿ ಸುಲದ್ರು. ತಾವು ಮಾತ್ರ ರೊಟ್ಟಿ, ಬ್ಯಾಳಿ. ಊರಿಗೆ ಬಂದ ಮ್ಯಾಲ ಬಸದಿಗೆ ಹೋಗಿ ಎಂಟು ದಿನ ಉಪಾಸ ಮಾಡಿದ್ರಂತ. ಆದ್ರೂ ಸಾಯೂತನಕ ಆಗಾಗ ಕೈ ಮೂಸಿ ನೋಡ್ಕೋತಿದ್ರು. ಮಣ್ಣಿನ ವಾಸನಿ ಹೋಗಿಲ್ಲ ನೋಡ ತಾರಾ, ಅಂತಿದ್ರು."



ಪಾರಿಸನಿಗೆ ಇದೆಲ್ಲ ಗೊತ್ತಿಲ್ಲದ್ದಲ್ಲ. ಶಾಲೆಯಲ್ಲಿ ಹುಡುಗರು ಅವನನ್ನು 'ಬಟಾಟಿ ಮೊಮ್ಮಗ' ಎಂದು ಕಾಡಿಸುತ್ತಿದ್ದರು. ಒಮ್ಮೆ ಅಳುತ್ತ ಮನೆಗೆ ಬಂದು ಅಜ್ಜನೊಡನೆ ಎರಡು ದಿನ ಮಾತು ಬಿಟ್ಟಿದ್ದ. ಅಂದಿನಿಂದ ಆ ಮಾತನ್ನು ನೆಲದೊಳಗೆ ಹೂತುಹಾಕಿ ಮೇಲೆ ನಡೆದಾಡುತ್ತಿದ್ದ. ಅಜ್ಜನ ಕೈಯಿಂದ ಸಣ್ಣ ಚಾಕು ಕಸಿದು ಇಷ್ಟುದ್ದದ ಬಂದೂಕು ಕೊಟ್ಟರೆ ಅಜ್ಜ ದೊಡ್ಡವನಾಗುತ್ತಾನೆಂದು ತಾನು ತಿಳಿದದ್ದು ಎಂಥ ಮಂಕುತನ! ಅಜ್ಜ ಇದ್ದಷ್ಟೇ ದೊಡ್ಡವನಿದ್ದ. ಅಳೆಯುವ ಕೋಲೇ ಗಿಡ್ಡವಾಗಿತ್ತು.

ಬಾಪುಸಾಹೇಬರು ಮೆಟ್ಟಿಲೇರಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ನಮ್ಮ ಅಜ್ಜ ಜೈಲಿನಾಗ ಎಂಟು ತಿಂಗಳಿದ್ದ, ತಾಮ್ರಪತ್ರ ಸಿಕ್ತು. ಮನಿ ಮಂದಿ ಸಲುವಾಗಿ ಮೂರು ವರ್ಷ ಬಟಾಟಿ ಸುಲದವರಿಗೆ ಯಾರೂ ಪತ್ರ ಕೊಡಾಂಗಿಲ್ಲ ನೋಡ."

ಸಿದ್ದಲಿಂಗ ಹೇಳಿಕೆ ಬರೆದುಕೊಂಡರು. ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಚ್ಚಿ ಮೊಹರು ಮಾಡಿದರು. "ಪರಿಣತರು ನೋಡಿ ವರದಿ ಕೊಡ್ತಾರ. ಗುಂಡು ಹಾರಾಂಗಿಲ್ಲ ಅಂತ ಬಂದ್ರ ನೀವು ಪಾರು. ಹಾರತೈತಿ ಅಂತ ಬಂದ್ರ ನನ್ನ ಕೈಯಾಗ ಏನೂ ಇಲ್ರಿ."

ಮುಂದಿನ ಇಪ್ಪತ್ತೆರಡು ದಿನ ಪಾರಿಸ ಕ್ಷಣಕ್ಷಣಕ್ಕೂ ಆ ಬಂದೂಕು ಕೆಟ್ಟಿರಲಿ ಎಂದು ಬೇಡಿಕೊಂಡ. ಅಂಗಡಿಯವ ಮೋಸಗಾರನಾಗಿರಲಿ, ಕಬ್ಬಿಣ ಪೂರ್ತಿ ತುಕ್ಕು ತಿಂದಿರಲಿ, ಒಳಗೆ ಒಂದೂ ಭಾಗ ನೆಟ್ಟಗಿರದಿರಲಿ! ತಾನು ಕೊಂಡ ಮಾಲು ಕಳಪೆಯಾಗಲೆಂದು ಬಸದಿಗೆ ಹೋಗಿ ಕೈಮುಗಿದ ಗಿರಾಕಿ ಈ ಸೀಮೆಯಲ್ಲಿ ಅವನೊಬ್ಬನೇ ಇರಬೇಕು. ಊಟ ಸೇರಲಿಲ್ಲ. ಓಣಿಯಲ್ಲಿ ಮೋಟಾರು ಸದ್ದಾದರೆ ಹಿತ್ತಲಿಗೆ ಹೋಗುತ್ತಿದ್ದ. ಎರಡು ವರ್ಷ ತಾನಿಲ್ಲದಿದ್ದರೆ ದ್ರಾಕ್ಷಿಗೆ ಔಷಧ ಹೊಡೆಯುವುದು ಹೇಗೆಂದು ಸೋನಾಬಾಯಿಗೆ ಹೇಳಿಕೊಡಲೂ ಶುರುಮಾಡಿದ್ದ. "ಹೊಡ್ಯಾಕ ನನಗ ಬರತೈತಿ, ನೀವು ಊಟಾ ಮಾಡ್ರಿ" ಎಂದು ಆಕೆ ತುತ್ತು ಮಾಡಿ ಮುಂದಿಡುತ್ತಿದ್ದಳು.

ಇಪ್ಪತ್ಮೂರನೆಯ ದಿನ ಸಿದ್ದಲಿಂಗ ಬಂದೂಕಿನೊಂದಿಗೆ ಬಂದರು. ಮುಖದಲ್ಲಿ ನಗುವಿತ್ತು. ವರದಿ ಕೊಟ್ಟರೆ ಪಾರಿಸ ಕನ್ನಡಕಕ್ಕಾಗಿ ಜೇಬು ತಡಕತೊಡಗಿದ. ಸೋನಾಬಾಯಿ ಕಾಗದ ಕಸಿದುಕೊಂಡು ದೊಡ್ಡ ದನಿಯಲ್ಲಿ ಓದಿದಳು:

"ಬಹಳ ಹಳೆಯ ಮಾದರಿ. ಹೊರಗಿನಿಂದ ಮಾತ್ರ ಭಯ ಹುಟ್ಟಿಸುವಂತೆ ಕಾಣುತ್ತದೆ. ಒಳಗಿನ ಭಾಗಗಳು ಕೆಲಸ ನಿಲ್ಲಿಸಿ ಬಹುಕಾಲವಾಗಿದೆ. ಯಾವುದೇ ಉಪಯೋಗಕ್ಕೆ ಬರುವುದಿಲ್ಲ. ದುರಸ್ತಿ ಮಾಡಿದರೂ ಬರುವುದಿಲ್ಲ. ಯಾರಿಗೂ ಅಪಾಯವಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲು ಲೈಸೆನ್ಸ್ ಅಗತ್ಯವಿಲ್ಲ."

ಪಾರಿಸ ಉಸಿರು ಬಿಟ್ಟು ಕಂಬಕ್ಕೆ ಒರಗಿದ. ಸೋನಾಬಾಯಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಗಂಡನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಸಾಹೇಬ್ರ, ಇವರ ವರದಿ ಬರೋಬ್ಬರಿ ಐತ್ರಿ. ಬಂದೂಕಿಂದು ಎಲ್ಲೈತಿ?"